ಶುಲ್ಕದ ವೇಷ ತೊಟ್ಟ ತೆರಿಗೆ: ಕರ್ನಾಟಕದಲ್ಲಿ ‘ಕರ ಇಳಿಸಿ’ ಎನ್ನುವವರು ಎಲ್ಲಿಂದ ಶುರುಮಾಡಬೇಕು?

2024ರ ಫೆಬ್ರುವರಿ 7ರಂದು ಕರ್ನಾಟಕ ಸರ್ಕಾರವೇ ದೆಹಲಿಯ ಜಂತರ್ ಮಂತರ್‌ಗೆ ಹೋಗಿ ‘ನಮ್ಮ ತೆರಿಗೆ ನಮ್ಮ ಹಕ್ಕು’ ಎಂದು ಧರಣಿ ಕೂತಿತು. ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಶೇ 4.713ರಷ್ಟು ಕೊಟ್ಟಿದ್ದ ಪಾಲು 15ನೇ ಆಯೋಗದ ಕೈಯಲ್ಲಿ ಶೇ 3.647ಕ್ಕೆ ಇಳಿದಿತ್ತು. ದೂರಿನಲ್ಲಿ ಹುರುಳಿತ್ತು. ಆದರೆ ಆ ಘೋಷಣೆಯ ‘ನಮ್ಮ’ ಯಾರದು ಎಂದು ಯಾರೂ ಕೇಳಲಿಲ್ಲ. ಜಗಳ ಎರಡು ಖಜಾನೆಗಳ ನಡುವಿನದು. ಹಣ ಕಟ್ಟಿದವರ ಮಾತು ಅಲ್ಲಿ ಬರಲೇ ಇಲ್ಲ.

ಮುಂದಿನ ಹದಿನೆಂಟು ತಿಂಗಳ ಲೆಕ್ಕ ನೋಡಿ. 2024ರ ಜೂನ್ 15ಕ್ಕೆ ಪೆಟ್ರೋಲ್ ಮೇಲಿನ ರಾಜ್ಯ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ, ಡೀಸೆಲ್ ಮೇಲಿನದು ಶೇ 14.34ರಿಂದ 18.44ಕ್ಕೆ ಏರಿತು. 2025ರ ಏಪ್ರಿಲ್ 1ಕ್ಕೆ ಡೀಸೆಲ್ ತೆರಿಗೆ ಮತ್ತೆ ಶೇ 21.17ಕ್ಕೆ ಹೋಯಿತು. ಅದೇ ತಿಂಗಳಿಂದ ಕರೆಂಟ್ ಬಿಲ್‌ಗೆ ಯೂನಿಟ್ಟಿಗೆ 36 ಪೈಸೆಯ ಹೊಸ ಸರ್ಚಾರ್ಜ್ ಸೇರಿತು. 2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ 2 ಆಯಿತು.

ವಿರೋಧ ಪಕ್ಷ ಬೀದಿಗಿಳಿದದ್ದು ಸರಿ. ಆದರೆ ‘ಬೆಲೆ ಏರಿಕೆ’ಯ ವಿರುದ್ಧ ಕೂಗುವುದು ಬೇರೆ, ತೆರಿಗೆ ಕಡಿಮೆ ಮಾಡಬೇಕೆಂದು ವಾದಿಸುವುದು ಬೇರೆ. 2020ರಲ್ಲಿ ಪೆಟ್ರೋಲ್ ತೆರಿಗೆಯನ್ನು ಶೇ 32ರಿಂದ 35ಕ್ಕೆ, ಡೀಸೆಲ್ ತೆರಿಗೆಯನ್ನು ಶೇ 21ರಿಂದ 24ಕ್ಕೆ ಏರಿಸಿದ್ದು ಬಿಜೆಪಿ ಸರ್ಕಾರ. 2021ರ ನವೆಂಬರ್‌ನಲ್ಲಿ ಲೀಟರಿಗೆ 7 ರೂಪಾಯಿ ಇಳಿಸಿದ್ದೂ ಅದೇ ಪಕ್ಷದ ಸರ್ಕಾರ. ಆ ಇಳಿಕೆ ಎರಡೂವರೆ ವರ್ಷವಷ್ಟೇ ಬಾಳಿತು. ಮುಂದೆ ಏಕೆ ಬಾಳಲಿಲ್ಲ ಎಂದರೆ, ಅದರ ಜೊತೆ ಖರ್ಚಿನ ಕಡೆ ಯಾವ ನಿಯಮವೂ ಬಂದಿರಲಿಲ್ಲ. ಮುಂದಿನ ಸರ್ಕಾರಕ್ಕೆ ಹಣ ಬೇಕಾಯಿತು, ದರ ಬಿಟ್ಟುಕೊಟ್ಟಿದ್ದ ಜಾಗ ಖಾಲಿಯಿತ್ತು, ತುಂಬಿಕೊಂಡಿತು.

ಕಡಿಮೆ ತೆರಿಗೆ ಮತ್ತು ಮಿತ ಸರ್ಕಾರದ ಪರ ವಾದ ನಮ್ಮಲ್ಲಿ ಸೋಲುವುದು ಎರಡು ಕಾರಣಕ್ಕೆ. ವಾದಿಸುವವರು ದರವನ್ನಷ್ಟೇ ನೋಡುತ್ತಾರೆ, ಶುಲ್ಕ, ಸೆಸ್, ಸರ್ಚಾರ್ಜ್ ಎಂಬ ಅಡ್ಡಹೆಸರಿನಲ್ಲಿ ಬರುವುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎರಡನೆಯದು, ಖರ್ಚಿಗೆ ಕಡಿವಾಣ ಹಾಕುವ ಕಾನೂನನ್ನು ಕೇಳುವುದಿಲ್ಲ.

ರಾಜ್ಯದ ಕೈಯಲ್ಲಿ ಉಳಿದಿರುವ ಹಿಡಿಕೆಗಳು

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಇಂಧನ, ಮದ್ಯದಂಥವನ್ನು ಬಿಟ್ಟು ಉಳಿದ ಸರಕುಗಳ ವ್ಯಾಟ್, ಪ್ರವೇಶ ತೆರಿಗೆ, ಐಷಾರಾಮಿ ತೆರಿಗೆ ಎಲ್ಲ ಅದರೊಳಗೆ ಕರಗಿದವು. ಜಿಎಸ್‌ಟಿ ದರ ನಿಗದಿಯಾಗುವುದು ಮಂಡಳಿಯಲ್ಲಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದರ ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು, ನಿರ್ಣಯಕ್ಕೆ ಬೇಕಾದದ್ದು ನಾಲ್ಕನೇ ಮೂರು. ಬೆಂಗಳೂರಿನಲ್ಲಿ ಕೂತು ‘ಜಿಎಸ್‌ಟಿ ಇಳಿಸುತ್ತೇವೆ’ ಎನ್ನುವ ಭರವಸೆಗೆ ಅರ್ಥವಿಲ್ಲ.

ರಾಜ್ಯ ತಾನೇ ಏರಿಸಬಹುದಾದ, ಇಳಿಸಬಹುದಾದ ಬಾಬುಗಳು ಬೆರಳೆಣಿಕೆಯವು: ಪೆಟ್ರೋಲ್-ಡೀಸೆಲ್ ಮೇಲಿನ ಮಾರಾಟ ತೆರಿಗೆ, ಅಬಕಾರಿ, ಮುದ್ರಾಂಕ ಮತ್ತು ನೋಂದಣಿ, ವಾಹನ ತೆರಿಗೆ, ವಿದ್ಯುತ್ ತೆರಿಗೆ, ವೃತ್ತಿ ತೆರಿಗೆ. ಕೊನೆಯದಕ್ಕೆ ಸಂವಿಧಾನದ 276ನೇ ವಿಧಿಯೇ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. 1988ರ ತಿದ್ದುಪಡಿಯ ನಂತರ ಆ ಅಂಕಿ ಅಲುಗಾಡಿಲ್ಲ. ಹೀಗಾಗಿ ಕರ್ನಾಟಕ 2025ರಲ್ಲಿ ಮಾಡಲು ಸಾಧ್ಯವಾದದ್ದು ತಿಂಗಳಿಗೆ 200ರಂತೆ ಕಡಿತವಾಗುತ್ತಿದ್ದ ತೆರಿಗೆಯನ್ನು ಫೆಬ್ರುವರಿಯಲ್ಲಿ ಮಾತ್ರ 300 ಮಾಡಿ, 2,400ನ್ನು 2,500ಕ್ಕೆ ಮುಟ್ಟಿಸುವುದು. ಮಿತಿಯನ್ನು ಸಂವಿಧಾನದಲ್ಲೇ ಬರೆದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ, ಚೊಕ್ಕ ಉದಾಹರಣೆ ಸಿಗದು.

2025-26ರ ಬಜೆಟ್ ಗುರಿಗಳು ಹೀಗಿದ್ದವು: ವಾಣಿಜ್ಯ ತೆರಿಗೆ 1.20 ಲಕ್ಷ ಕೋಟಿ, ಅಬಕಾರಿ 40,000 ಕೋಟಿ, ಮುದ್ರಾಂಕ-ನೋಂದಣಿ 28,000 ಕೋಟಿ, ವಾಹನ ತೆರಿಗೆ 15,000 ಕೋಟಿ. ವಾಣಿಜ್ಯ ತೆರಿಗೆಯ ದೊಡ್ಡ ಭಾಗ ಜಿಎಸ್‌ಟಿಗೆ ಕಟ್ಟುಬಿದ್ದಿದೆ. ಹಾಗಾಗಿ ಸರ್ಕಾರಕ್ಕೆ ತುರ್ತು ಬಂದಾಗಲೆಲ್ಲ ಕೈ ಹೋಗುವುದು ಉಳಿದ ಇವೇ ನಾಲ್ಕೈದರ ಮೇಲೆ.

ಅಬಕಾರಿಯ ಬಗ್ಗೆ ಒಂದೇ ಮಾತು. ಮದ್ಯದ ಮೇಲಿನ ಸುಂಕ ಇಳಿಸಿ ಎಂದು ಯಾವ ಪಕ್ಷವೂ ವೇದಿಕೆ ಮೇಲೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅಲ್ಲಿ ಮಿತ ಸರ್ಕಾರದವರು ನೋಡಬೇಕಾದದ್ದು ಪರವಾನಗಿಯನ್ನು. 1992ರಿಂದ ಹೊಸ ಸಿಎಲ್-2 (ಮದ್ಯದಂಗಡಿ), ಸಿಎಲ್-9 (ಬಾರ್) ಲೈಸೆನ್ಸ್ ಕೊಡುವುದು ನಿಂತ ಮೇಲೆ, ಇದ್ದ ಲೈಸೆನ್ಸೇ ಆಸ್ತಿಯಾಯಿತು. ಅದು ಕೈಯಿಂದ ಕೈಗೆ ಕೋಟಿಗಳಲ್ಲಿ ಹೋಗುತ್ತದೆ. ಆ ಹಣ ಖಜಾನೆಗೂ ಬರುವುದಿಲ್ಲ, ಗಿರಾಕಿಗೂ ಉಳಿಯುವುದಿಲ್ಲ.

ಶಿರೂರು ಮಠದ ತೀರ್ಪು ಮತ್ತು ಸಬ್‌ರಿಜಿಸ್ಟ್ರಾರ್ ಕಚೇರಿ

ತೆರಿಗೆ ಯಾವುದು, ಶುಲ್ಕ ಯಾವುದು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಮೊದಲು ವಿಸ್ತಾರವಾಗಿ ಉತ್ತರಿಸಿದ್ದು ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ, 1954ರಲ್ಲಿ. ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. ಧಾರ್ಮಿಕ ದತ್ತಿ ಕಾಯ್ದೆಯಡಿ ಮಠ, ದೇವಸ್ಥಾನಗಳು ತಮ್ಮ ಆದಾಯದಲ್ಲಿ ಗರಿಷ್ಠ ಶೇ 5ರಷ್ಟನ್ನು ಸರ್ಕಾರಕ್ಕೆ ವಂತಿಗೆಯಾಗಿ ಕಟ್ಟಬೇಕಿತ್ತು. ಸರ್ಕಾರ ಅದನ್ನು ಶುಲ್ಕ ಎಂದಿತು. ಕೋರ್ಟು ಒಪ್ಪಲಿಲ್ಲ. ಕೊಟ್ಟವರಿಗೆ ಸಲ್ಲುವ ಸೇವೆಗೂ ಪಡೆದ ಹಣಕ್ಕೂ ಸಂಬಂಧವಿರಬೇಕು, ಹಣ ಆ ಸೇವೆಗೇ ಮೀಸಲಾಗಿರಬೇಕು, ಆಗ ಮಾತ್ರ ಶುಲ್ಕ. ಎಲ್ಲ ಹಣದ ಜೊತೆ ಸಂಚಿತ ನಿಧಿಗೆ ಸೇರಿಹೋಗುವುದು ತೆರಿಗೆಯೇ ಎಂದಿತು. ನಂತರದ ದಶಕಗಳಲ್ಲಿ ನ್ಯಾಯಾಲಯಗಳೇ ಈ ಕಟ್ಟನ್ನು ಸಾಕಷ್ಟು ಸಡಿಲಿಸಿವೆ. ಆದರೂ ಅಳತೆಗೋಲಾಗಿ ಅದು ಈಗಲೂ ಒಳ್ಳೆಯದೇ.

ಆ ಅಳತೆಗೋಲನ್ನು ನೋಂದಣಿ ಶುಲ್ಕಕ್ಕೆ ಹಿಡಿಯೋಣ. ಬೆಂಗಳೂರಿನಲ್ಲಿ 1 ಕೋಟಿ ರೂಪಾಯಿಯ ಫ್ಲ್ಯಾಟ್ ಕೊಂಡರೆ ಮುದ್ರಾಂಕ ಶುಲ್ಕ ಶೇ 5, ಅಂದರೆ 5 ಲಕ್ಷ. ಆ 5 ಲಕ್ಷದ ಮೇಲೆ ಶೇ 10 ಸೆಸ್, 50,000. ಅದೇ 5 ಲಕ್ಷದ ಮೇಲೆ ನಗರ ಪ್ರದೇಶದ ಸರ್ಚಾರ್ಜ್ ಶೇ 2, 10,000. ಗ್ರಾಮಾಂತರದಲ್ಲಾದರೆ ಶೇ 3. ನೋಂದಣಿ ಶುಲ್ಕ ಈಗ ಶೇ 2, ಅಂದರೆ 2 ಲಕ್ಷ. ಒಟ್ಟು 7.60 ಲಕ್ಷ. 2025ರ ಆಗಸ್ಟ್ 30ರವರೆಗೆ ಇದೇ ಫ್ಲ್ಯಾಟಿಗೆ 6.60 ಲಕ್ಷ ಸಾಕಾಗಿತ್ತು. ‘ಬರೀ ಒಂದು ಪರ್ಸೆಂಟ್’ ಎಂದು ಹೇಳಿದ ಏರಿಕೆಯಿಂದ ಕೊಳ್ಳುವವರ ಒಟ್ಟು ಹೊರೆ ಶೇ 15ರಷ್ಟು ಹೆಚ್ಚಿತು.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯುವ ಕೆಲಸ ಏನು? ಕಾವೇರಿ ತಂತ್ರಾಂಶದಲ್ಲಿ ವಿವರ ಪರಿಶೀಲನೆ, ಫೋಟೊ, ಹೆಬ್ಬೆಟ್ಟು, ಪತ್ರದ ಸ್ಕ್ಯಾನ್. 20 ಲಕ್ಷದ ಸೈಟಿಗೂ 2 ಕೋಟಿಯ ಮನೆಗೂ ಅದೇ ಕೆಲಸ, ಹೆಚ್ಚುಕಡಿಮೆ ಅಷ್ಟೇ ಹೊತ್ತು. ಒಬ್ಬರಿಗೆ 40,000, ಇನ್ನೊಬ್ಬರಿಗೆ 4 ಲಕ್ಷ. ಮಹಾರಾಷ್ಟ್ರದಲ್ಲಿ ಈ ಶುಲ್ಕಕ್ಕೆ 30,000 ರೂಪಾಯಿಯ ಮಿತಿಯಿದೆ. ಮುಂಬೈನಲ್ಲಿ 2 ಕೋಟಿಯ ಮನೆಗೂ 30,000, 5 ಕೋಟಿಯ ಮನೆಗೂ 30,000. ಇನ್ನೂ ಸಾಕ್ಷಿ ಬೇಕಾದರೆ ಸರ್ಕಾರದ್ದೇ ಬಜೆಟ್ ಪುಸ್ತಕ ತೆರೆಯಬಹುದು. ‘0030 ಮುದ್ರಾಂಕ ಮತ್ತು ನೋಂದಣಿ ಶುಲ್ಕ’ ಎಂಬ ಲೆಕ್ಕ ಶೀರ್ಷಿಕೆ ಇರುವುದು ತೆರಿಗೆ ರಾಜಸ್ವದ ಭಾಗದಲ್ಲಿ. ಜನರ ಮುಂದೆ ಶುಲ್ಕ, ಲೆಕ್ಕದಲ್ಲಿ ತೆರಿಗೆ.

ಹಾಗಾದರೆ ಮುದ್ರಾಂಕ ಶುಲ್ಕವನ್ನು ಶೇ 6 ಮಾಡುವ ಬದಲು ನೋಂದಣಿ ಶುಲ್ಕಕ್ಕೆ ಏಕೆ ಕೈಹಾಕಿದರು? ಮುದ್ರಾಂಕ ದರ 1957ರ ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯ ಅನುಸೂಚಿಯಲ್ಲಿದೆ. ಅದನ್ನು ಏರಿಸಲು ಸದನದಲ್ಲಿ ತಿದ್ದುಪಡಿ ಮಸೂದೆ ತರಬೇಕು, ಉತ್ತರ ಕೊಡಬೇಕು. ನೋಂದಣಿ ಶುಲ್ಕವನ್ನು 1908ರ ನೋಂದಣಿ ಕಾಯ್ದೆಯ 78ನೇ ಕಲಂ ಪ್ರಕಾರ ಸರ್ಕಾರ ಅಧಿಸೂಚನೆಯಲ್ಲೇ ಬದಲಿಸಬಹುದು. ಬೆಣ್ಣೆಯಿಂದ ಕೂದಲೆಳೆ ತೆಗೆದಷ್ಟು ಸಲೀಸು. ಇಂಧನದ ಮಾರಾಟ ತೆರಿಗೆ ಬದಲಾಗುವುದೂ ಅಧಿಸೂಚನೆಯಿಂದಲೇ. ಎಲ್ಲಿ ಮತದಾನ ಬೇಕಿಲ್ಲವೋ ಏರಿಕೆ ಮೊದಲು ಅಲ್ಲಾಗುತ್ತದೆ.

ಸರ್ಕಾರದ ಸಮರ್ಥನೆಯನ್ನೂ ಹೇಳಬೇಕು. ತಮಿಳುನಾಡಿನಲ್ಲಿ ಶೇ 7 ಮತ್ತು 2 ಸೇರಿ 9, ಕೇರಳದಲ್ಲಿ ಶೇ 8 ಮತ್ತು 2 ಸೇರಿ 10. ಅವಕ್ಕೆ ಹೋಲಿಸಿದರೆ ನಮ್ಮದು ಈಗಲೂ ಕಡಿಮೆ. ಇದು ನಿಜ. ಆದರೆ ಪಕ್ಕದ ಮನೆಯ ಬಾಡಿಗೆ ಜಾಸ್ತಿ ಎಂಬುದು ನಮ್ಮ ಬಾಡಿಗೆ ಏರಿಸಲು ಕಾರಣವಾಗಬಹುದೇ ಹೊರತು ಸಮರ್ಥನೆಯಾಗದು.

ವಹಿವಾಟಿನ ಮೇಲಿನ ತೆರಿಗೆ ಹೆಚ್ಚಿದಾಗ ಕೆಡುವುದು ಏನು ಎಂಬುದು ಆಸ್ತಿ ಕೊಟ್ಟು ಕೊಂಡವರಿಗೆಲ್ಲ ಗೊತ್ತು. ಕ್ರಯಪತ್ರದಲ್ಲಿ ಮಾರ್ಗಸೂಚಿ ದರದಷ್ಟೇ (ನೋಂದಣಿಗೆಂದು ಸರ್ಕಾರ ನಿಗದಿಪಡಿಸುವ ಬೆಲೆ) ಬರೆದು ಉಳಿದದ್ದನ್ನು ನಗದಿನಲ್ಲಿ ಕೊಡುವುದು ಒಂದು. ಕ್ರಯಪತ್ರವನ್ನೇ ಮಾಡಿಸದೆ ಜಿಪಿಎ (ಅಧಿಕಾರ ಪತ್ರ) ಮತ್ತು ಕರಾರುಪತ್ರದಲ್ಲಿ ಕೈಬದಲಾಯಿಸುವುದು ಇನ್ನೊಂದು. ಜಿಪಿಎಯಿಂದ ಮಾಲೀಕತ್ವ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಹತ್ತು ವರ್ಷದ ಮೇಲೆ ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ಆ ಉಳಿತಾಯದ ನಿಜವಾದ ಬೆಲೆ ತಿಳಿಯುತ್ತದೆ.

ಮೂರನೆಯ ತೊಡಕು ಮಾರ್ಗಸೂಚಿ ದರದ್ದು. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಅದು ಸರಾಸರಿ ಶೇ 30ರಷ್ಟು ಏರಿತು. ಬೇಡಿಕೆಯಿರುವ ಬಡಾವಣೆಗಳಲ್ಲಿ ಮಾರುಕಟ್ಟೆ ಬೆಲೆ ಮೊದಲೇ ಮೇಲಿತ್ತು, ತೊಂದರೆಯಾಗಲಿಲ್ಲ. ಬೆಲೆ ನಿಂತ ನೀರಾಗಿರುವ ಊರಿನ ಕತೆ ಬೇರೆ. ಸೈಟು ನಿಜವಾಗಿ 20 ಲಕ್ಷಕ್ಕೇ ಮಾರಾಟವಾದರೂ ಮಾರ್ಗಸೂಚಿ ದರ 24 ಲಕ್ಷವಿದ್ದರೆ ಮುದ್ರಾಂಕ 24ರ ಮೇಲೆ. ಅಷ್ಟಕ್ಕೇ ಮುಗಿಯುವುದಿಲ್ಲ. ವ್ಯತ್ಯಾಸ ಶೇ 10 ಮೀರಿದ್ದರಿಂದ ಆದಾಯ ತೆರಿಗೆ ಇಲಾಖೆ ಮಾರಿದವರ ಬಂಡವಾಳ ಲಾಭವನ್ನು 24 ಲಕ್ಷದ ಮೇಲೆ ಎಣಿಸುತ್ತದೆ. ಕೊಂಡವರಿಗೆ ಆ 4 ಲಕ್ಷ ‘ಇತರ ಆದಾಯ’ವಾಗುತ್ತದೆ. ಯಾರ ಜೇಬಿಗೂ ಬಾರದ 4 ಲಕ್ಷಕ್ಕೆ ಮೂರು ಕಡೆ ತೆರಿಗೆ.

ಸೆಸ್‌ಗೆ ಹುಟ್ಟಿದ ದಿನವುಂಟು, ಕೊನೆಯ ದಿನವಿಲ್ಲ

36 ಪೈಸೆಯ ವಿದ್ಯುತ್ ಸರ್ಚಾರ್ಜ್ ಕೆಪಿಟಿಸಿಎಲ್ ಮತ್ತು ಎಸ್ಕಾಂ ನೌಕರರ ಪಿಂಚಣಿ, ಗ್ರಾಚುಟಿಗಾಗಿ. 2026-27ಕ್ಕೆ 35, 2027-28ಕ್ಕೆ 34 ಪೈಸೆ ಎಂದು ವಿದ್ಯುತ್ ನಿಯಂತ್ರಣ ಆಯೋಗದ ಆದೇಶದಲ್ಲಿದೆ. 36 ಪೈಸೆಯಂತೆ, ತಿಂಗಳಿಗೆ 250 ಯೂನಿಟ್ ಸುಡುವ ಮನೆಗೆ 90 ರೂಪಾಯಿ. ಆ ನೌಕರರಿಗೆ ಪಿಂಚಣಿ ಸಲ್ಲಬೇಕಾದದ್ದೇ, ಅದರಲ್ಲಿ ತಕರಾರಿಲ್ಲ. ತಕರಾರು ದಾರಿಯ ಬಗ್ಗೆ. ಬಜೆಟ್ಟಿನಲ್ಲಿ ಕಾಣಬೇಕಿದ್ದ ಹೊಣೆ ಬಿಲ್ಲಿನ ಒಂದು ಸಾಲಾಗಿ ಕೂತಿದೆ. ಶೇ 9ರ ವಿದ್ಯುತ್ ತೆರಿಗೆ ಅದಲ್ಲದೆ ಇದ್ದೇ ಇದೆ.

ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಅಲ್ಲಿರುತ್ತವೆ. ಮೊದಲನೆಯದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕೂಸು, ಎರಡನೆಯದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯದು. ಮನೆ ಮಾಲೀಕರಿಂದ ವಸೂಲಾದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ಪೂರ್ತಿ ಕಟ್ಟದೆ ಉಳಿಸಿಕೊಳ್ಳುವ ದೂರು ದಶಕಗಳಷ್ಟು ಹಳೆಯದು. ಶಿರೂರು ಮಠದ ತೀರ್ಪಿನ ಕಣ್ಣಲ್ಲಿ ಇದು ಮೀಸಲೂ ಅಲ್ಲ, ಸೇವೆಯೂ ಅಲ್ಲ.

ಕೇಳಬೇಕಾದ ತಿದ್ದುಪಡಿ ಸರಳ. ಪ್ರತಿ ಸೆಸ್‌ಗೂ ಐದು ವರ್ಷದ ಆಯಸ್ಸು ಇರಲಿ. ಮುಂದುವರಿಸಬೇಕಾದರೆ ಸದನದಲ್ಲಿ ಮತ್ತೆ ಮತ ಹಾಕಲಿ, ಹಾಕುವ ಮುನ್ನ ಎಷ್ಟು ಬಂತು, ಎಷ್ಟು ಅದೇ ಕೆಲಸಕ್ಕೆ ಹೋಯಿತು ಎಂಬ ಒಂದು ಪುಟದ ಲೆಕ್ಕ ಮಂಡಿಸಲಿ. ಅರ್ಧಕ್ಕರ್ಧ ಸೆಸ್‌ಗಳು ಆ ಒಂದು ಪುಟದಲ್ಲೇ ಎಡವುತ್ತವೆ ಎಂಬುದು ನಮ್ಮ ಅಂದಾಜು.

ಒಂದು ರೂಪಾಯಿಗೆ 33,300: ಕಡಿದಾದ ಮೆಟ್ಟಿಲುಗಳು

ದರ ಎಷ್ಟು ಎಂಬುದಕ್ಕಿಂತ ದರ ಹೇಗೆ ಏರುತ್ತದೆ ಎಂಬುದು ಕೆಲವೊಮ್ಮೆ ಹೆಚ್ಚು ಹಾನಿ ಮಾಡುತ್ತದೆ. ಕರ್ನಾಟಕದಲ್ಲಿ ಖಾಸಗಿ ಕಾರಿನ ಜೀವಿತಾವಧಿ ತೆರಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರ ಮೇಲೆ 18. ತೆರಿಗೆಯ ಮೇಲೆ ಶೇ 11 ಸೆಸ್. ಹೀಗಾಗಿ ಶೇ 17 ಎಂದು ಹೇಳಿದ್ದು ಕೈಯಿಂದ ಹೋಗುವಾಗ 18.87, ಶೇ 18 ಎಂದದ್ದು 19.98. ದೇಶದಲ್ಲೇ ಅತಿ ಹೆಚ್ಚಿನ ದರಗಳ ಸಾಲಿನಲ್ಲಿ ಇವು ಬರುತ್ತವೆ.

ಆದಾಯ ತೆರಿಗೆಯಲ್ಲಿ ಸ್ಲ್ಯಾಬ್ ದಾಟಿದರೆ ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ. ವಾಹನ ತೆರಿಗೆಯಲ್ಲಿ ಇಡೀ ಬೆಲೆಗೆ. ಸರಿಯಾಗಿ 10 ಲಕ್ಷದ ಕಾರಿಗೆ ತೆರಿಗೆ 1.40 ಲಕ್ಷ. ಬೆಲೆ ಒಂದು ರೂಪಾಯಿ ಹೆಚ್ಚಿದರೆ 1.70 ಲಕ್ಷ. ಸೆಸ್ ಸೇರಿ ಆ ಒಂದು ರೂಪಾಯಿಯ ಬೆಲೆ 33,300. ಆದಾಯ ತೆರಿಗೆಯ ರೀತಿಯಲ್ಲೇ ಎಣಿಸಿದರೆ ಹತ್ತೂವರೆ ಲಕ್ಷದ ಕಾರಿಗೆ ಮೊದಲ 5 ಲಕ್ಷಕ್ಕೆ 65,000, ಮುಂದಿನ 5 ಲಕ್ಷಕ್ಕೆ 70,000, ಉಳಿದ 50,000ಕ್ಕೆ 8,500, ಒಟ್ಟು 1,43,500. ಈಗ ಕಟ್ಟುತ್ತಿರುವುದು 1,78,500, ಸೆಸ್ ಬೇರೆ. ದರ ಒಂದನ್ನೂ ಇಳಿಸದೆ, ಎಣಿಸುವ ಕ್ರಮವನ್ನಷ್ಟೇ ತಿದ್ದಿದರೂ ಮಧ್ಯಮ ವರ್ಗದ ಕಾರಿಗೆ 35,000 ಉಳಿಯುತ್ತದೆ.

ಏರು ದರದಿಂದ ಖಜಾನೆಗೆ ಆಗುವುದೇನು? ದುಬಾರಿ ಕಾರಿನವರು ಪುದುಚೇರಿಯ ವಿಳಾಸ ಹುಡುಕುತ್ತಾರೆ. ‘ಪಿವೈ’ ಫಲಕದ ಕಾರುಗಳನ್ನು ಹಿಡಿಯಲು ಆರ್‌ಟಿಒ ತಂಡ ರಸ್ತೆಗಿಳಿಯುತ್ತದೆ. 20 ಲಕ್ಷದ ಮೇಲಿನ ಕಾರಿಗೆ ದರ ಇಳಿಸಿ ಎಂದರೆ ಶ್ರೀಮಂತರ ಪರ ಎನ್ನಿಸುವುದು ಸಹಜ. ಆದರೆ ಓಡಿಹೋಗುವ ದಾರಿ ಗೊತ್ತಿರುವುದು ಅವರಿಗೇ. 11 ಲಕ್ಷದ ಕಾರಿನವರು ಇಲ್ಲೇ ಕಟ್ಟುತ್ತಾರೆ.

ಇಂಥದೇ ಮೆಟ್ಟಿಲು ಗೃಹಜ್ಯೋತಿಯಲ್ಲೂ ಇದೆ. ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ 200 ಯೂನಿಟ್‌ವರೆಗೆ ಉಚಿತ. 200 ದಾಟಿದ ತಿಂಗಳು ಪೂರ್ತಿ ಬಿಲ್. ರಿಯಾಯಿತಿಯೂ ಕಡಿದಾದ ಮೆಟ್ಟಿಲಾದರೆ ತೆರಿಗೆಯಂತೆಯೇ ವರ್ತಿಸುತ್ತದೆ.

ಮೆಟ್ಟಿಲಿನಿಂದ ಜನ ಉರುಳಿದ್ದು ಎದ್ದು ಕಂಡದ್ದು 2025ರ ಜುಲೈನಲ್ಲಿ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ಸಾವಿರಾರು ನೋಟಿಸ್ ಕಳಿಸಿತು. ವಾರದೊಳಗೆ ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ಕ್ಯಾಶ್ ಮಾತ್ರ’ ಎಂಬ ಚೀಟಿ ಬಂತು. ಕಾನೂನು ಏನೆನ್ನುತ್ತದೆ? ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ತೆರಿಗೆಯಿಲ್ಲದ ಹಾಲು, ತರಕಾರಿಯನ್ನು ಮಾತ್ರ ಮಾರುವವರಿಗೆ ಎಷ್ಟೇ ವಹಿವಾಟಿದ್ದರೂ ನೋಂದಣಿ ಬೇಡ. ಎಡವುವುದು ನಡುವಿನಲ್ಲಿರುವವರು. 35 ಲಕ್ಷದ ಹಾಲು, 6 ಲಕ್ಷದ ಬಿಸ್ಕತ್ತು-ಸಿಗರೇಟು ಮಾರುವ ಅಂಗಡಿಯ ಒಟ್ಟು ವಹಿವಾಟು 41 ಲಕ್ಷ. ಮಿತಿಗೆ ಹಾಲೂ ಲೆಕ್ಕ, ತೆರಿಗೆ ಮಾತ್ರ 6 ಲಕ್ಷದ ಮೇಲೆ. ಅಂಗಡಿಯವರು ಮೊದಲೇ ನೋಂದಾಯಿಸಿ ಸಣ್ಣ ವರ್ತಕರಿಗಿರುವ ರಾಜಿ ತೆರಿಗೆ (ಕಾಂಪೋಸಿಷನ್) ಪದ್ಧತಿಗೆ ಸೇರಿದ್ದರೆ ಶೇ 1ರಂತೆ 6,000 ರೂಪಾಯಿಯಲ್ಲಿ ಮುಗಿಯುತ್ತಿತ್ತು. ಸೇರದೆ ಸಿಕ್ಕಿಬಿದ್ದರೆ ಹಿಂದಿನ ವರ್ಷಗಳಿಗೆ ಆ ಸೌಲಭ್ಯವಿಲ್ಲ: ಪೂರ್ತಿ ದರ, ಶೇ 18 ಬಡ್ಡಿ, ಮೇಲೆ ದಂಡ. ಮಗಳ ಮದುವೆಗೆಂದು ಭಾವ ಯುಪಿಐಯಲ್ಲಿ ಕಳಿಸಿದ ಕೈಸಾಲವೂ ನೋಟಿಸಿನ ಮೊತ್ತದಲ್ಲಿ ಸೇರಿಕೊಂಡಿರಬಹುದು. ಅದನ್ನು ಬೇರ್ಪಡಿಸಿ ತೋರಿಸುವ ಹೊರೆ ಅಂಗಡಿಯವರದೇ. ಗದ್ದಲ ಜೋರಾದ ಮೇಲೆ ಮುಖ್ಯಮಂತ್ರಿ ವರ್ತಕರನ್ನು ಕರೆಸಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿಗೆ ಬೆನ್ನು ಹತ್ತುವುದಿಲ್ಲ ಎಂದರು. ಮೊದಲು ತಿಳಿವಳಿಕೆ, ಆಮೇಲೆ ನೋಟಿಸ್ ಎಂಬ ಕ್ರಮ ತಲೆಕೆಳಗಾಗಿತ್ತು.

ಅಧಿಕಾರಿಗಳು ಹೀಗೇಕೆ ಮಾಡುತ್ತಾರೆ ಎಂದರೆ ಗುರಿ. ಈ ನೆಲದಲ್ಲಿ ಗುರಿಯ ಕತೆ ಹಳೆಯದು. ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರು ಇಷ್ಟು ಕಂದಾಯ ತಂದೇ ತರುತ್ತೇವೆ ಎಂದು ಕರಾರು ಬರೆದುಕೊಡುವ ಶರತ್ತು ಪದ್ಧತಿಯಿತ್ತು. ಕಡಿಮೆ ಬಿದ್ದರೆ ಅವರೇ ತುಂಬಬೇಕು. ಅವರು ಅದನ್ನು ರೈತರ ಮೇಲೆ ತೀರಿಸಿಕೊಂಡರು. 1830ರ ನಗರ ದಂಗೆಗೆ ಇದೂ ಒಂದು ಮುಖ್ಯ ಕಾರಣ, ಮರುವರ್ಷ ಬ್ರಿಟಿಷರು ಆಡಳಿತವನ್ನೇ ಕಿತ್ತುಕೊಂಡರು. ಇಂದಿನ ಇಲಾಖಾವಾರು ಗುರಿಗಳನ್ನು ಅದಕ್ಕೆ ಸಮ ಎನ್ನಲಾಗದು, ಆದರೆ ಒತ್ತಡ ಮೇಲಿನಿಂದ ಕೆಳಗೆ ಹರಿಯುವ ರೀತಿ ಬದಲಾಗಿಲ್ಲ.

ಕ್ಯಾನ್ಸಸ್ ಎಡವಿದ್ದು, ಕೊಲರಾಡೊ ಸೋರಿದ್ದು

ತೆರಿಗೆ ಇಳಿಸಿದರೆ ತಾನಾಗಿ ವಹಿವಾಟು ಹೆಚ್ಚಿ ಖಜಾನೆ ತುಂಬುತ್ತದೆ ಎನ್ನುವವರು ಅಮೆರಿಕದ ಕ್ಯಾನ್ಸಸ್ ರಾಜ್ಯದ ಕತೆ ಓದಬೇಕು. 2012ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಸಹಿ ಹಾಕಿದ ಕಾನೂನು ಆದಾಯ ತೆರಿಗೆಯ ಮೇಲಿನ ದರವನ್ನು ಶೇ 6.45ರಿಂದ 4.9ಕ್ಕೆ ಇಳಿಸಿತು. ಅದಕ್ಕಿಂತ ಮುಖ್ಯವಾಗಿ, ಪಾಲುದಾರಿಕೆ ಮತ್ತು ಎಲ್‌ಎಲ್‌ಸಿಗಳ (ಸೀಮಿತ ಹೊಣೆಯ ಸಂಸ್ಥೆಗಳು) ಮೂಲಕ ಮಾಲೀಕರಿಗೆ ಬರುವ ಲಾಭಕ್ಕೆ ರಾಜ್ಯದ ತೆರಿಗೆಯನ್ನೇ ತೆಗೆದುಹಾಕಿತು. ಸುಮಾರು 1.9 ಲಕ್ಷ ಮಂದಿ ಈ ವಿನಾಯಿತಿ ಬಳಸುತ್ತಾರೆಂಬ ಅಂದಾಜಿತ್ತು, ಬಳಸಿದವರು 3.3 ಲಕ್ಷ. ಹೊಸ ಉದ್ಯಮ ಹುಟ್ಟಿದ್ದಕ್ಕಿಂತ ಹಳೆಯ ಸಂಬಳವೇ ಉದ್ಯಮದ ಅಂಗಿ ತೊಟ್ಟದ್ದು ಹೆಚ್ಚು. 2014ರ ಹಣಕಾಸು ವರ್ಷದಲ್ಲಿ ವರಮಾನ ಸುಮಾರು 70 ಕೋಟಿ ಡಾಲರ್ ಕುಸಿಯಿತು. ಖರ್ಚನ್ನು ಅಷ್ಟೇ ಪ್ರಮಾಣದಲ್ಲಿ ಕಡಿಯುವ ಯೋಜನೆ ಇರಲಿಲ್ಲ, ಹೆದ್ದಾರಿ ನಿಧಿಗೆ ಕೈಹಾಕಿದರು, ಸಾಲದ ರೇಟಿಂಗ್ ಇಳಿಯಿತು, 2015ರಲ್ಲಿ ಮಾರಾಟ ತೆರಿಗೆಯನ್ನು ಶೇ 6.15ರಿಂದ 6.5ಕ್ಕೆ ಏರಿಸಿದರು. 2017ರ ಜೂನ್‌ನಲ್ಲಿ ಬ್ರೌನ್‌ಬ್ಯಾಕ್ ಅವರದೇ ರಿಪಬ್ಲಿಕನ್ ಪಕ್ಷ ಬಹುಮತದಲ್ಲಿದ್ದ ಶಾಸನಸಭೆ ಅವರ ವೀಟೊ ಮೀರಿ ಕಾನೂನನ್ನು ಬಹುಪಾಲು ಹಿಂತೆಗೆಯಿತು. ಇಳಿಕೆಗಿಂತ ದೊಡ್ಡ ತಪ್ಪು ಇದ್ದದ್ದು ಒಂದು ವರ್ಗಕ್ಕೆ ಶೂನ್ಯ, ಉಳಿದವರಿಗೆ ತೆರಿಗೆ ಎಂಬ ವಿನಾಯಿತಿಯಲ್ಲಿ.

ಕೊಲರಾಡೊ ಹಿಡಿದದ್ದು ಬೇರೆ ದಾರಿ. 1992ರಲ್ಲಿ ಮತದಾರರು ಒಪ್ಪಿದ, ಟೇಬರ್ ಎಂದು ಕರೆಯಲಾಗುವ ಸಂವಿಧಾನ ತಿದ್ದುಪಡಿಯ ಪ್ರಕಾರ ರಾಜ್ಯದ ವರಮಾನ ಹಣದುಬ್ಬರ ಮತ್ತು ಜನಸಂಖ್ಯೆಯ ಬೆಳವಣಿಗೆಗಿಂತ ವೇಗವಾಗಿ ಬೆಳೆದರೆ ಹೆಚ್ಚುವರಿಯನ್ನು ಜನರಿಗೆ ಮರಳಿಸಬೇಕು. ತೆರಿಗೆ ಏರಿಸಲು ಜನಮತ ಬೇಕು. 2022ರಲ್ಲಿ ಒಬ್ಬೊಬ್ಬ ತೆರಿಗೆದಾರರಿಗೆ 750 ಡಾಲರ್ ಚೆಕ್ ಹೋಯಿತು. ತೊಡಕು ಎರಡು. 2001ರ ನಂತರದ ಹಿಂಜರಿತದಲ್ಲಿ ವರಮಾನ ಕುಸಿದಾಗ ಮುಂದಿನ ವರ್ಷದ ಮಿತಿ ಆ ಕುಸಿದ ಮಟ್ಟದಿಂದಲೇ ಎಣಿಕೆಯಾಯಿತು, ಆರ್ಥಿಕತೆ ಚೇತರಿಸಿದರೂ ಬಜೆಟ್ ಚೇತರಿಸಲಿಲ್ಲ. 2005ರಲ್ಲಿ ಮತದಾರರೇ ಅದನ್ನು ಸರಿಪಡಿಸಬೇಕಾಯಿತು. ಎರಡನೆಯದು ನಮಗೆ ಪರಿಚಿತ: ಮಿತಿ ಇದ್ದದ್ದು ತೆರಿಗೆಗೆ, ಆದ್ದರಿಂದ ಶುಲ್ಕದಿಂದ ನಡೆಯುವ ‘ಉದ್ಯಮ’ಗಳೆಂಬ ಸರ್ಕಾರಿ ಘಟಕಗಳು ಹುಟ್ಟಿಕೊಂಡವು, ಅವುಗಳ ಹಣ ಮಿತಿಯ ಹೊರಗೆ ಉಳಿಯಿತು. 2020ರಲ್ಲಿ, ಮೊದಲ ಐದು ವರ್ಷಕ್ಕೆ 10 ಕೋಟಿ ಡಾಲರ್ ಮೀರಿ ಶುಲ್ಕ ಎತ್ತುವ ಹೊಸ ಘಟಕಕ್ಕೂ ಜನಮತ ಬೇಕು ಎಂದು ಜನ ತೀರ್ಮಾನಿಸಿದರು. ಬಾಗಿಲು ಹಾಕಿದರೆ ಕಿಟಕಿ ಎಂಬುದು ರಾಕಿ ಪರ್ವತದ ತಪ್ಪಲಿನಲ್ಲೂ ಸತ್ಯವೇ.

ಕಂಠಮಟ್ಟ ತುಂಬಿದ 2002ರ ಕಾಯ್ದೆ

ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು ತಂದ ರಾಜ್ಯ ಕರ್ನಾಟಕ, 2002ರಲ್ಲಿ, ಕೇಂದ್ರಕ್ಕಿಂತ ಒಂದು ವರ್ಷ ಮೊದಲು. ವಿತ್ತೀಯ ಕೊರತೆ ಜಿಎಸ್‌ಡಿಪಿಯ (ರಾಜ್ಯದ ಒಟ್ಟು ಆಂತರಿಕ ಉತ್ಪನ್ನ) ಶೇ 3, ಒಟ್ಟು ಹೊಣೆಗಾರಿಕೆ ಶೇ 25 ಮೀರಬಾರದು, ರಾಜಸ್ವ ಕೊರತೆ ಇರಬಾರದು. 2025-26ರ ಬಜೆಟ್ಟಿನಲ್ಲಿ ಕೊರತೆ ಶೇ 2.95, ಹೊಣೆಗಾರಿಕೆ ಶೇ 24.91. ರಾಜಸ್ವ ಕೊರತೆ 19,262 ಕೋಟಿ, ಸಾಲ 1.16 ಲಕ್ಷ ಕೋಟಿ. ಮೊದಲ ಎರಡು ಅಂಕಿಗಳು ಗೆರೆ ಮುಟ್ಟಿ ನಿಂತಿದ್ದವು, ಮೂರನೆಯದು ದಾಟಿತ್ತು.

ಈ ಕಾಯ್ದೆಯ ಕೊರತೆಯೇನೆಂದರೆ ಅದು ಸಾಲಕ್ಕೆ ಮಿತಿ ಹಾಕಿತು, ಗಾತ್ರಕ್ಕೆ ಹಾಕಲಿಲ್ಲ. 2023ರ ಜುಲೈನಲ್ಲಿ ಮಂಡನೆಯಾದ ಬಜೆಟ್ 3.27 ಲಕ್ಷ ಕೋಟಿಯದು, 2025-26ರದ್ದು 4.09 ಲಕ್ಷ ಕೋಟಿ. ಎರಡು ವರ್ಷದಲ್ಲಿ ಕಾಲುಭಾಗ ಹಿಗ್ಗಿತು. ಸಾಲದ ಕಡೆ ಜಾಗವಿಲ್ಲದಾಗ ಈ ಹಿಗ್ಗು ಶುಲ್ಕವಾಗಿ, ಸೆಸ್ ಆಗಿ ಹೊರಬರುತ್ತದೆ.

ಇಲ್ಲಿ ಮಿತ ಸರ್ಕಾರದ ಪರ ಮಾತನಾಡುವವರಲ್ಲಿ ಹೆಚ್ಚಿನವರು ನೇರ ಗ್ಯಾರಂಟಿಗಳ ಮೇಲೆ ಬೀಳುತ್ತಾರೆ. ನಮಗೆ ಅದು ಗುರಿ ತಪ್ಪಿದ ಏಟು ಅನ್ನಿಸುತ್ತದೆ. 2025-26ರಲ್ಲಿ ಐದೂ ಗ್ಯಾರಂಟಿಗಳಿಗೆ ತೆಗೆದಿಟ್ಟ 51,034 ಕೋಟಿ ಬಜೆಟ್ಟಿನ ಎಂಟರಲ್ಲಿ ಒಂದು ಪಾಲು. ಅದರಲ್ಲೂ ಗೃಹಲಕ್ಷ್ಮಿಯ 2,000 ರೂಪಾಯಿ ನೇರ ಖಾತೆಗೆ ಹೋಗುತ್ತದೆ. ನಡುವೆ ಟೆಂಡರ್ ಇಲ್ಲ, ಗುತ್ತಿಗೆದಾರನಿಲ್ಲ, ನಿಗಮದ ಅಧ್ಯಕ್ಷರ ಕಾರಿಲ್ಲ. ಹೇಗೆ ಖರ್ಚು ಮಾಡಬೇಕೆಂದು ತೀರ್ಮಾನಿಸುವುದು ಆ ಮನೆಯ ಹೆಂಗಸು. ಸರ್ಕಾರ ಕಡಿಮೆ ಮೂಗು ತೂರಿಸಲಿ ಎನ್ನುವವರಿಗೆ ಇದಕ್ಕಿಂತ ಅಸಮಾಧಾನ ತರಬೇಕಾದ ಬಾಬುಗಳು ಹತ್ತಾರಿವೆ: ಮೀಟರೇ ಇಲ್ಲದ 10 ಎಚ್‌ಪಿವರೆಗಿನ ಪಂಪ್‌ಸೆಟ್ ಸಬ್ಸಿಡಿ, ಅಲ್ಲಿ ಎಸ್ಕಾಂನ ಸೋರಿಕೆಯೂ ರೈತರ ಹೆಸರಿಗೆ ಬರೆಯಲ್ಪಡಬಹುದು. ಅತೃಪ್ತ ಶಾಸಕರನ್ನು ಸಮಾಧಾನಪಡಿಸಲು ಬದುಕಿರುವ ನಿಗಮ-ಮಂಡಳಿಗಳು. 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಏಳನೇ ವೇತನ ಆಯೋಗದ ಶೇ 27.5ರ ಹೆಚ್ಚಳ ವರ್ಷಕ್ಕೆ 20,000 ಕೋಟಿ ಮೀರುವ ಹೊರೆ. ಅದನ್ನು ಕೊಡಬೇಕಿತ್ತೇ ಎಂಬುದು ಬೇರೆ ಚರ್ಚೆ, ಆದರೆ ಕೊಡುವಾಗ ಯಾವ ಹುದ್ದೆ, ಯಾವ ಇಲಾಖೆ ಇನ್ನು ಬೇಡ ಎಂಬ ಪಟ್ಟಿಯನ್ನು ಯಾರೂ ಕೇಳಲಿಲ್ಲ.

ಕಾಯ್ದೆಗೆ ಸೇರಿಸಬೇಕಾದ ಕಲಮುಗಳು ಹೀಗಿರಬಹುದು. ರಾಜಸ್ವ ವೆಚ್ಚದ ಬೆಳವಣಿಗೆ ಹಿಂದಿನ ಐದು ವರ್ಷದ ಸರಾಸರಿ ಜಿಎಸ್‌ಡಿಪಿ ಬೆಳವಣಿಗೆಯನ್ನು ಮೀರಬಾರದು. ಒಂದು ವರ್ಷದ್ದಲ್ಲ, ಐದು ವರ್ಷದ ಸರಾಸರಿ ಏಕೆಂದರೆ ಕೊಲರಾಡೊದ ಕುಸಿತದ ಬಲೆ ತಪ್ಪಬೇಕು. ಮಿತಿಯ ಎಣಿಕೆಯಲ್ಲಿ ತೆರಿಗೆ, ಶುಲ್ಕ, ಸೆಸ್, ಆಯೋಗದ ಮೂಲಕ ಹೇರುವ ಪಿಂಚಣಿ ಸರ್ಚಾರ್ಜ್ ಎಲ್ಲವೂ ಸೇರಬೇಕು. ಶೇಕಡಾವಾರು ಲೆಕ್ಕದಲ್ಲಿ ವಸೂಲಾಗುವ ಯಾವ ಶುಲ್ಕವನ್ನೂ ಅಧಿಸೂಚನೆಯಿಂದ ಏರಿಸುವಂತಿಲ್ಲ, ಸದನಕ್ಕೇ ಬರಬೇಕು. ಹೊಸ ಯೋಜನೆಗೆ ಮೂರು ವರ್ಷದ ವೆಚ್ಚ ಮತ್ತು ಹಣದ ಮೂಲ, ಹೊಸ ತೆರಿಗೆ ಇಳಿಕೆಗೆ ಮೂರು ವರ್ಷದ ನಷ್ಟ ಮತ್ತು ಕಡಿಯುವ ಖರ್ಚು, ಎರಡಕ್ಕೂ ಒಂದೇ ನಮೂನೆ. ಕೊನೆಯ ಷರತ್ತು ತೆರಿಗೆ ಇಳಿಸಬೇಕು ಎನ್ನುವವರಿಗೆ ಕಹಿ, ಆದರೆ ಕ್ಯಾನ್ಸಸ್ ತಪ್ಪಿಸಿಕೊಂಡದ್ದು ಅದನ್ನೇ.

ಇಳಿಕೆಯ ಸರದಿಯೂ ಮುಖ್ಯ. ಮೊದಲು ನೋಂದಣಿ ಶುಲ್ಕಕ್ಕೆ ಮಹಾರಾಷ್ಟ್ರದಂತೆ ಮಿತಿ, ಜೊತೆಗೆ ವಾಹನ ತೆರಿಗೆಯ ಎಣಿಕೆ ಕ್ರಮ ಬದಲಾವಣೆ. ಆಮೇಲೆ ಮುದ್ರಾಂಕ ಶುಲ್ಕ, ಅದೂ ವರ್ಷಕ್ಕೆ ಅರ್ಧ ಶೇಕಡಾದಂತೆ, ಮುಂಚೆಯೇ ಘೋಷಿಸಿ, ಶಾಶ್ವತವಾಗಿ. ಮಹಾರಾಷ್ಟ್ರ 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬೈನಲ್ಲಿ ಶೇ 5ರಿಂದ 2ಕ್ಕೆ, ನಂತರ ಮಾರ್ಚ್‌ವರೆಗೆ ಶೇ 3ಕ್ಕೆ ಇಳಿಸಿದಾಗ ನೋಂದಣಿ ಕಚೇರಿಗಳ ಮುಂದೆ ಜನ ಮುಗಿಬಿದ್ದರು. ಅದರಲ್ಲಿ ಹೊಸ ವಹಿವಾಟು ಎಷ್ಟು, ಮುಂದಿನ ವರ್ಷದ್ದು ಈ ವರ್ಷಕ್ಕೆ ಬಂದದ್ದು ಎಷ್ಟು ಎಂದು ಬಿಡಿಸಿ ಹೇಳಲಾಗದು. ತಾತ್ಕಾಲಿಕ ರಿಯಾಯಿತಿ ಎಂದರೆ ಆಷಾಢ ಸೇಲ್ ಇದ್ದಂತೆ, ಕೊಳ್ಳಬೇಕೆಂದಿದ್ದವರು ಬೇಗ ಕೊಳ್ಳುತ್ತಾರೆ.

ಇಂಥ ಕಾರ್ಯಕ್ರಮಕ್ಕೆ ವಿಧಾನಸೌಧದಲ್ಲಿ ಬರುವ ಅಡ್ಡಿ ಎಡಪಂಥೀಯರಿಂದಲ್ಲ, ‘ನಮಗೊಂದು ವಿನಾಯಿತಿ’ ಎಂದು ಬರುವ ವ್ಯಾಪಾರ, ಉದ್ಯಮ ಸಂಘಗಳಿಂದ. ಬಜೆಟ್ ಪೂರ್ವ ಸಭೆಗೆ ಬರುವ ಮನವಿಗಳಲ್ಲಿ ದರ ಎಲ್ಲರಿಗೂ ಇಳಿಯಲಿ ಎನ್ನುವವು ಅಪರೂಪ, ನಮ್ಮ ವಲಯಕ್ಕೆ ಮಾತ್ರ ಬಿಡಿ ಎನ್ನುವವೇ ಹೆಚ್ಚು. ವಿದ್ಯುತ್ ವಾಹನಗಳಿಗೆ 2016ರಿಂದ ಪೂರ್ತಿ ತೆರಿಗೆ ವಿನಾಯಿತಿಯಿತ್ತು. 2024ರಲ್ಲಿ 25 ಲಕ್ಷದ ಮೇಲಿನವಕ್ಕೆ ಶೇ 10 ಬಂತು. ಆ ಎಂಟು ವರ್ಷ ಪೆಟ್ರೋಲ್ ಕಾರಿನವರು ಶೇ 17, 18 ಕಟ್ಟುತ್ತಲೇ ಇದ್ದರು.